ಪಾರಿಜಾತ ತೊಂಬತ್ತು ನಿಮಿಷಕ್ಕ ಇಳಿಸ್ಬೇಕಾಗ್ಯದ, ಕತ್ರಿ ಯಾರ ಕೈಯಾಗಿರ್ಬೇಕು?

ಪೇಟಿಮಾಸ್ತರ, ಕಲಬುರಗಿ

ಶರಣ್ರೀ ಎಲ್ಲಾರ್ಗೂ. ಜರಾ ಉದ್ದ ಬರೀಲತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಹವ್ಯಾಸಿ ತಂಡದವ್ರು ಶ್ರೀಕೃಷ್ಣ ಪಾರಿಜಾತ ಆಡ್ಬೇಕಂತ ಹೊಂಟಾರ. ರಾತ್ರಿ ಊಟ ಮುಗಿಸಿ ಕುಂತ್ರ ಬೆಳ್ಳಿಚುಕ್ಕಿ ಮೂಡೂತನ ನಡಿಯೋ ಆಟ ಅದು. ಅದನ್ನ ಎಸ್.ಎಂ. ಪಂಡಿತ್ ರಂಗಮಂದಿರದಾಗ ಒಂದೂವರಿ ತಾಸಿನಾಗ ಮುಗಿಸ್ಬೇಕು. ಆಟ ಇಳಿಸಿ ಬರಿಯೋರು ಬೀದರದಾಗ ಇರ್ತಾರ. ಪದಕ್ಕ ಧಾಟಿ ಕೂಡ್ಸಾಂವ ನಾನು, ಇಲ್ಲಿ. ನಡುವ ಹುಮನಾಬಾದದ ಹಾದಿ.

ಮೂರು ತಿಂಗಳು ಎಲ್ಲಾ ವಾಯ್ಸ್ ಮೆಸೇಜಿನ ಮ್ಯಾಲೇ ನಡೀತು. ಅವ್ರು ನಾಕು ಸಾಲು ಓದಿ ಕಳಿಸೋದು, ನಾ ಪೇಟಿ ಮುಂದ ಇಟ್ಕೊಂಡು ಹಾಡಿ ಕಳಿಸೋದು, ಅವ್ರು "ಹೂಂ, ಛಲೋ ಅದ" ಅನ್ನೋದು. ಹೋದ ವಾರ ನನ್ನ ಫೋನು ಬಕೀಟಿನಾಗ ಬಿತ್ತು. ಎಲ್ಲಾ ಹೋತು. ಈಗ ಅವ್ರು "ರುಕ್ಮಿಣಿ ಪದ ಬಿಡೋಣಂತ ನೀವೇ ಅಂದಿದ್ರಿ" ಅಂತಾರ. ನಾ "ಇಲ್ರಿ, ನೀವು ಅಂದಿದ್ರಿ" ಅಂತೀನಿ. ಸಾಕ್ಷಿ ಇಲ್ಲದ ಖಟ್ಲೆ ಆಗಿ ಕುಂತದ.

ಇಂಥಾದ್ರಾಗ ಗೆಳ್ಯಾ ಒಬ್ಬ ಇಟಲಿಯ ಸಂಗೀತಗಾರ ವೆರ್ದಿ ಬರ್ದ ಪತ್ರಗೋಳ ಪುಸ್ತಕ ತಂದು ಕೊಟ್ಟ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದ್ರ ಮೂರು ರಾತ್ರಿ ನಿದ್ದಿ ಮಾಡಿಲ್ಲ. ವೆರ್ದಿ ಪ್ಯಾರಿಸಿನವ್ರ ಸಲುವಾಗಿ ಡಾನ್ ಕಾರ್ಲೋಸ್ ಅಂತ ಐದು ಅಂಕದ ಆಪೆರಾ, ಅಂದ್ರ ಹಾಡಿನ ನಾಟಕ, ಕಟ್ಟಿದ್ದ. ಮೊದಲ್ನೇ ಆಟ 1867ರ ಮಾರ್ಚ್ 11ಕ್ಕ. ಭಾಳ ಉದ್ದ ಆಯ್ತಂತ ಊರೂರಾಗ ಯಾರ್ಯಾರೋ ಕೈಗೆ ಸಿಕ್ಕಲ್ಲಿ ಕತ್ತರಿಸಿದ್ರು. ಹದಿನೈದು ವರ್ಷ ನೋಡಿ ನೋಡಿ, 1882ರಾಗ ತಾನೇ ಕುಂತು ಐದಂಕ ನಾಕಕ್ಕ ಇಳಿಸ್ಲಾಕ ಹತ್ತಿದ. ಆಗ ಗೆಳೆಯಗ ಬರೀತಾನ: ವಿಯೆನ್ನಾದಾಗ ರಾತ್ರಿ ಹತ್ತಕ್ಕ ಮನಿ ಕಾಯಾಂವ ದೊಡ್ಡ ಬಾಗ್ಲಾ ಹಾಕ್ತಾನ, ಅಷ್ಟೊತ್ತಿಗಿ ಎಲ್ಲಾರಿಗೂ ಬೀರು ಕುಡೀಲಾಕ, ಕೇಕ್ ತಿನ್ಲಾಕ ಹೋಗ್ಬೇಕು, ಅದಕ್ಕ ಆಪೆರಾ ಲಗೂ ಮುಗೀಬೇಕು. ಹೆಂಗೂ ನನ್ನ ಕಾಲು ಕಡಿಯೋರೇ ಇದ್ದಾರ ಅಂದ್ಮ್ಯಾಲ ಚಾಕು ನಾನೇ ಮಸದು ನಾನೇ ಹಿಡಿಯೋದು ಪಾಡ.

ಇದು ಓದಿ ಎದ್ದು ಕುಂತೆ. ನನ್ನ ಪ್ರಶ್ನಿ ಎರಡು. ಆಟ ಇಳಿಸುವಾಗ ಕತ್ರಿ ಬರಿಯೋರ ಕೈಯಾಗ ಇರ್ಬೇಕೋ, ಧಾಟಿ ಕಟ್ಟೋರ ಕೈಯಾಗೋ? ಮತ್ತ, ಮಾತು ಮೊದಲು ಬರ್ಬೇಕೋ ಧಾಟಿ ಮೊದಲೋ? ಅನುಭವ ಇದ್ದೋರು ಹೇಳ್ರಿ.

ಡಗ್ಗಾ

ಫೋನ್ ಹೋದ್ರ ಬಸ್ ಹತ್ತಿ ಬೀದರಕ್ಕ ಹೋಗ್ರಿ ಮಾಸ್ತರ. ಎರಡು ಚಾ ಕುಡ್ಯೂದ್ರಾಗ ಮುಗ್ಯೋ ಮಾತಿಗಿ ಇಟಲಿ ತನಕ ಯಾಕ ಹೋದ್ರಿ?

ಬಿಸಿಲೂರ ಓದುಗ

ಡಗ್ಗಾ ಅವರೇ, ಚಾ ಕುಡಿದು ಮುಗಿಸಿದ್ದರೆ ನಮಗೆ ಓದಲು ಏನೂ ಉಳಿಯುತ್ತಿರಲಿಲ್ಲ.

ಸಂಗೀತಗಾರ ಮೊಜಾರ್ಟನ ಇಡೊಮೆನಿಯೊ ಎಂಬ ಆಪೆರಾ ನೋಡಿ. 1780ರ ನವೆಂಬರ್, ಅವನಿಗಿನ್ನೂ ಇಪ್ಪತ್ತನಾಲ್ಕು. ಆಪೆರಾ ಆಡುವುದು ಮ್ಯೂನಿಕ್‌ನಲ್ಲಿ, ಅವನೂ ಅಲ್ಲೇ. ಮಾತು ಬರೆಯುವ ಪಾದ್ರಿ ವರೆಸ್ಕೊ ಸಾಲ್ಜ್‌ಬರ್ಗಿನಲ್ಲಿ. ಅದೂ ಹೊಸ ಕಥೆಯಲ್ಲ. 1712ರಲ್ಲಿ ಕಾಂಪ್ರಾ ಎಂಬ ಫ್ರೆಂಚ್ ಸಂಗೀತಗಾರ ಕಟ್ಟಿದ್ದ ಹಳೆಯ ಆಪೆರಾದ ಮಾತನ್ನು ಇಟಾಲಿಯನ್‌ಗೆ ಇಳಿಸುವ ಕೆಲಸ, ಮಾಸ್ತರರ ಪಾರಿಜಾತದಂತೆಯೇ. ನಡುವೆ ಟಪಾಲು. ಮೊಜಾರ್ಟ್ ಪಾದ್ರಿಗೆ ನೇರ ಬರೆಯುವುದಿಲ್ಲ, ಅಪ್ಪ ಲಿಯೊಪೋಲ್ಡನಿಗೆ ಬರೆಯುತ್ತಾನೆ. ಅಪ್ಪ ಹೋಗಿ ಪಾದ್ರಿಯನ್ನು ಪುಸಲಾಯಿಸಬೇಕು. ಈ ಸಾಲು ಉದ್ದ, ಆ ದೃಶ್ಯದಲ್ಲಿ ಪಾತ್ರ ಸುಮ್ಮನೆ ನಿಂತಿರುತ್ತದೆ, ಇಲ್ಲಿ ಹಾಡು ಬೇಡ. ಪಾದ್ರಿ ಪ್ರತಿ ತಿದ್ದುಪಡಿಗೂ ಮುಖ ಸಿಂಡರಿಸುತ್ತಾನೆ, ಹೆಚ್ಚಿನ ಹಣ ಕೇಳುತ್ತಾನೆ.

ನನಗೆ ಬಹಳ ಹಿಡಿಸಿದ್ದು ನವೆಂಬರ್ 29ರ ಪತ್ರ. ಕೊನೆಯಲ್ಲಿ ನೆಲದಡಿಯಿಂದ ದೇವವಾಣಿ ಕೇಳಬೇಕು. ಪಾದ್ರಿ ಅದನ್ನು ಉದ್ದಕ್ಕೆ ಬರೆದಿದ್ದಾನೆ. ಮೊಜಾರ್ಟ್ ಹೇಳುತ್ತಾನೆ: ಆ ದನಿ ಜನರನ್ನು ನಡುಗಿಸಬೇಕು, ಉದ್ದವಾದಷ್ಟೂ ಜನಕ್ಕೆ ಅದರ ಪೊಳ್ಳುತನ ಗೊತ್ತಾಗುತ್ತದೆ, ಹ್ಯಾಮ್ಲೆಟ್‌ನಲ್ಲಿ ಭೂತದ ಮಾತು ಕೂಡ ಅಷ್ಟು ಉದ್ದ ಇರದಿದ್ದರೆ ಇನ್ನೂ ಚೆನ್ನಾಗಿ ನಾಟುತ್ತಿತ್ತು. ಶೇಕ್ಸ್‌ಪಿಯರನಿಗೂ ಕತ್ತರಿ! ಆ ವಾಣಿಗೆ ಅವನು ಒಂದಕ್ಕಿಂತ ಹೆಚ್ಚು ರೂಪ ಬರೆದಿಟ್ಟ, ಅತಿ ಚಿಕ್ಕದು ಕೆಲವೇ ಪಟ್ಟುಗಳದ್ದು, ಅಂದರೆ ತಾಳದ ಕೆಲವೇ ಅಳತೆಗಳದ್ದು.

ಇದೇ ಮೊಜಾರ್ಟ್ ಮುಂದೆ ಫಿಗಾರೊ ಎಂಬ ಆಪೆರಾ ಕಟ್ಟುವಾಗ ಮಾತು ಬರೆದ ಡ ಪಾಂಟೆ ಅದೇ ವಿಯೆನ್ನಾದಲ್ಲಿದ್ದ. ಅವರಿಬ್ಬರು ಹೇಗೆ ಜಗಳವಾಡಿದರು, ಯಾವ ಹಾಡು ಯಾಕೆ ಬಿತ್ತು, ಅದನ್ನು ಹೇಳುವ ಪತ್ರಗಳು ಇಡೊಮೆನಿಯೊಗೆ ಇರುವಂತೆ ಇಲ್ಲ. ನಮ್ಮ ಕಂಪನಿ ನಾಟಕಗಳ ಕಥೆಯೂ ಅದೇ ಅಲ್ಲವೇ? ಕವಿ, ಪೇಟಿಯವರು, ಮಾಲೀಕ ಎಲ್ಲ ಒಂದೇ ಬಿಡಾರದಲ್ಲಿ. ಒಲೆ ಮುಂದೆ ಮಾತಾಡಿ ಮುಗಿಸಿದರು. ಹಾಡು ಉಳಿಯಿತು, ಹಾಡು ಹಾಗೇಕೆ ಆಯಿತು ಅನ್ನುವುದು ಬೂದಿಯ ಜೊತೆ ಹೋಯಿತು.

ಕಡೀ ಬಸ್

ವಿಯೆನ್ನಾದ ಬಾಗಲಾ ಬಿಡ್ರಿ, ನಮ್ಮ ಆಳಂದದ ಕಡೀ ಬಸ್ಸಿನ ವಿಚಾರ ಮಾಡ್ರಿ. ಹೋದ ಸಲ ಒಂದು ನಾಟಕ ನೋಡ್ಲಾಕ ಬಂದಿದ್ದೆ. ನಾಯಕ ಸಾಯ್ಲಾಕ ತಯಾರಿಲ್ಲ, ಬಸ್ ನಿಂದ್ರಲಾಕ ತಯಾರಿಲ್ಲ. ಅಂವಾ ಸತ್ನೋ ಇಲ್ಲೋ ನಂಗ ಇವತ್ತಿನ ತನಕ ಗೊತ್ತಿಲ್ಲ.

ಪೇಟಿಮಾಸ್ತರ, ಕಲಬುರಗಿ

ಕಡೀ ಬಸ್ ಅವ್ರೇ, ನಗಬ್ಯಾಡ್ರಿ, ಇದು ಆ ಪುಸ್ತಕದಾಗ ಬರೋಬ್ಬರಿ ಬರ್ತದ. ಪ್ಯಾರಿಸಿನಾಗ ತಾಲೀಮು ನಡದಾಗ ನೋಡ್ತಾರ, ಆಟ ನಡುರಾತ್ರಿ ದಾಟ್ಲತ್ತದ. ಊರ ಹೊರಗಿನವ್ರಿಗಿ ಕಡೀ ರೈಲು ತಪ್ತದ. ಅದರ ಸಲುವಾಗಿ ಮೊದಲ್ನೇ ಆಟಕ್ಕಿಂತ ಮುಂಚೇನೇ ವೆರ್ದಿ ದೊಡ್ಡ ದೊಡ್ಡ ತುಂಡು ತಗೀಬೇಕಾಯ್ತು. ಅಂದ್ರ ಆ ಪೂರಾ ಆಟ ಆ ಕಾಲದಾಗ ಯಾರೂ ಕೇಳ್ಲೇ ಇಲ್ಲ. ರೈಲಿನ ಟೈಮ್‌ಟೇಬಲ್ಲೇ ಮೊದಲ್ನೇ ಕತ್ರಿ.

ಮೂಲದಾಟ

ನಾನು ಬೇರೆ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ.

ಪಾರಿಜಾತ ಆಪೆರಾ ಅಲ್ಲ. ಅದನ್ನು "ಇಳಿಸುವುದು" ಅನ್ನುವ ಮಾತೇ ತಪ್ಪು. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬಂದ ಆಟ ಅದು. ಪದ ಕಟ್ಟಿದವನು ಕಟ್ಟಿಟ್ಟು ಹೋದ, ಆಡುವವರು ರಾತ್ರಿ ರಾತ್ರಿ ಅದನ್ನು ಹಿಗ್ಗಿಸಿದರು, ಕುಗ್ಗಿಸಿದರು. ನಾರದ ಹೂ ತಂದು ಕೊಡುವುದು, ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುವುದು, ಸತ್ಯಭಾಮೆಗೆ ಸುದ್ದಿ ಮುಟ್ಟುವುದು. ಕಥೆ ಇಷ್ಟೇ, ಅಂಗೈಯಲ್ಲಿ ಹಿಡಿಯುತ್ತದೆ. ರಾತ್ರಿಯಿಡೀ ನಡೆಯುವುದು ಕಥೆಯಿಂದಲ್ಲ. ಭಾಮೆಗೂ ಭಾಗವತನಿಗೂ ನಡೆಯುವ ಮಾತಿನ ಕುಸ್ತಿಯಿಂದ. ಜನ ನಕ್ಕರೆ ಅದು ಅರ್ಧ ತಾಸು, ತೂಕಡಿಸಿದರೆ ಐದು ನಿಮಿಷ. ಕತ್ತರಿ ಭಾಗವತನ ಕಣ್ಣಿನಲ್ಲಿತ್ತು. ಜನರ ಮುಖ ನೋಡಿ ಕತ್ತರಿಸುತ್ತಿದ್ದ, ಮರುದಿನ ಇನ್ನೊಂದು ಊರಲ್ಲಿ ಅದೇ ತುಂಡನ್ನು ಮತ್ತೆ ಜೋಡಿಸುತ್ತಿದ್ದ.

ನೀವು ಬೀದರದಲ್ಲಿ ಕೂತು ಬರೆದು, ಕಲಬುರಗಿಯಲ್ಲಿ ಕೂತು ಧಾಟಿ ಹಾಕಿ, ತೊಂಬತ್ತು ನಿಮಿಷ ಅಂತ ಮೊಳೆ ಹೊಡೆದರೆ ಅದು ಪಾರಿಜಾತದ ಫೋಟೊ ಆದೀತು. ವೆರ್ದಿಗೆ ಚಾಕು ಬೇಕಾಯಿತು, ಯಾಕೆಂದರೆ ಅವನದ್ದು ಅಚ್ಚಾದ ಸಂಗೀತ, ಒಂದು ಪಟ್ಟು ತೆಗೆದರೆ ಅಷ್ಟೂ ಮಂದಿ ವಾದ್ಯದವರ ಹಾಳೆ ತಿದ್ದಬೇಕು. ನಿಮಗೆ ಒಂದು ಪೇಟಿ, ಒಂದು ತಬಲಾ, ಒಂದು ಜೋಡಿ ತಾಳ. ನಿಮಗೇಕೆ ಚಾಕು?

ಶಹಾಪುರ ಮೇಷ್ಟ್ರು

ಮೂಲದಾಟ ಅವರ ಮಾತಿನಲ್ಲಿ ಹುರುಳಿದೆ. ಆದರೆ ಜಾತ್ರೆಯಲ್ಲಿ ಕಂಬಳಿ ಹಾಸಿ ಕೂತವರು ಬೇರೆ, ರಂಗಮಂದಿರದ ಕುರ್ಚಿಯಲ್ಲಿ ಕೂತವರು ಬೇರೆ. ಕುರ್ಚಿಯವರ ಮುಖ ಭಾಗವತನಿಗೆ ಕಾಣುವುದೇ ಇಲ್ಲ, ಲೈಟು ಕಣ್ಣಿಗೆ ಹೊಡೆಯುತ್ತಿರುತ್ತದೆ. ಕಾಣದ ಮುಖ ನೋಡಿ ಹೇಗೆ ಕತ್ತರಿಸುತ್ತಾನೆ? ಮೊದಲೇ ಬರೆದಿಡದೆ ಗತಿಯಿಲ್ಲ.

ಡಾನ್ ಕಾರ್ಲೋಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಮಾಸ್ತರರ ಸ್ಥಿತಿಗೆ ಹತ್ತಿರದ್ದು. 1882ರಲ್ಲಿ ತಿದ್ದಲು ಕೂತಾಗ ಮೂಲದ ಮಾತು ಬರೆದ ಇಬ್ಬರಲ್ಲಿ ಒಬ್ಬ, ಮೆರಿ, ಎಂದೋ ತೀರಿಕೊಂಡಿದ್ದ. ಉಳಿದವನು ಡು ಲೋಕ್ಲ್. ಅವನಿಗೂ ವೆರ್ದಿಗೂ ಹಣದ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಆದರೂ ಕೆಲಸ ಅವನಿಂದಲೇ ಆಗಬೇಕು. ನಡುವೆ ನ್ಯುಟೆ ಎಂಬ ಮಧ್ಯಸ್ಥ. ವೆರ್ದಿ ನ್ಯುಟೆಗೆ ಬರೆಯುತ್ತಾನೆ, ನ್ಯುಟೆ ಅವನಿಗೆ ಮುಟ್ಟಿಸುತ್ತಾನೆ, ಉತ್ತರ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಮಾತು ಬಿಟ್ಟ ಅಣ್ಣತಮ್ಮಂದಿರು ಮಗುವಿನ ಕೈಲಿ ಹೇಳಿಕಳಿಸಿದ ಹಾಗೆ! ಎಲ್ಲವೂ ಮೂರನೆಯವನಿಗೆ ಅರ್ಥವಾಗಬೇಕಾದ್ದರಿಂದ ಎಲ್ಲವನ್ನೂ ಬಿಡಿಸಿ ಬರೆಯಬೇಕಾಯಿತು.

ಇನ್ನೊಂದು ವಿಚಿತ್ರ. ಈ ತಿದ್ದಿದ ಆಟ ಆಡಬೇಕಾದ್ದು ಮಿಲಾನಿನಲ್ಲಿ, ಇಟಾಲಿಯನ್‌ನಲ್ಲಿ. ಆದರೆ ಹೊಸ ಸಾಲುಗಳೆಲ್ಲ ಮೊದಲು ಫ್ರೆಂಚಿನಲ್ಲೇ ಆದವು, ವೆರ್ದಿ ಫ್ರೆಂಚಿಗೇ ಧಾಟಿ ಹಾಕಿದ, ಆಮೇಲೆ ಜಾನಾರ್ದಿನಿ ಎಂಬವನು ಅದೇ ಧಾಟಿಗೆ ಇಟಾಲಿಯನ್ ಕೂರಿಸಿದ. 1884ರ ಜನವರಿ 10ರಂದು ಅಲ್ಲಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಆಡಿದರು. ಮೂಲ ಧಾಟಿ ಹುಟ್ಟಿದ ಭಾಷೆಯ ಉಸಿರನ್ನು ವೆರ್ದಿ ಬಿಡಲಿಲ್ಲ.

ನಮಗೆ ಇದು ಹೊಸದಲ್ಲ. ಸಂಗೀತ ಶಾಕುಂತಲ ಕಟ್ಟಿ 1880ರಲ್ಲಿ ಪುಣೆಯಲ್ಲಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಕನ್ನಡದ ಧಾಟಿಗಳು ಅವರ ಮರಾಠಿ ಪದಗಳೊಳಗೆ ಹೋದವು. ಆಮೇಲೆ ಮರಾಠಿ ನಾಟ್ಯಪದಗಳ ಚಾಲುಗಳು ನಮ್ಮ ಕಂಪನಿಗಳಿಗೆ ತಿರುಗಿ ಬಂದವು. ಕೊಟ್ಟ ಕಡಗೋಲು ಬೆಣ್ಣೆ ಹತ್ತಿಸಿಕೊಂಡು ಮನೆಗೆ ಬಂದ ಹಾಗೆ.

ಭಾಮೆ ಪಾತ್ರದಾಕಿ

ನಾನು ಇದೇ ಪಾರಿಜಾತದಾಗ ಭಾಮೆ ಮಾಡ್ಲತ್ತೀನಿ. ಮಾಸ್ತರಿಗಿ ಗೊತ್ತಿಲ್ಲ ನಾ ಇಲ್ಲಿ ಓದ್ತೀನಂತ. ಈಗ ಗೊತ್ತಾಯ್ತು!

ನೀವು ಗಂಡಸ್ರು ಎಲ್ಲಾರೂ ಕತ್ರಿ ಯಾರ ಕೈಯಾಗ, ಕತ್ರಿ ಯಾರ ಕೈಯಾಗ ಅನ್ಲತ್ತೀರಿ. ಗಂಟಲಾ ಯಾರದು ಅಂತ ಒಬ್ರರೇ ಕೇಳಿರೇನು? ಬೀದರದವ್ರು ಒಂದು ಸಾಲು ಕಳಿಸ್ಯಾರ:

"ಇನ್ನಿಲ್ಲಿ ನಿಲ್ಲೆ ನೀ, ಸಿರಿಗಣ್ಣ ಸಿಟ್ಟಿಲಿ"

ಓದ್ಲಾಕ ಭಾಳ ಛಂದ. ಮಾಸ್ತರು ಆ "ಸಿರಿ" ಮ್ಯಾಲ ತಾರ ಷಡ್ಜ, ಅಂದ್ರ ಮ್ಯಾಲಿನ ಸಾ, ಇಟ್ಟಾರ, ಅಲ್ಲೇ ನಿಂದ್ರು ಅಂತಾರ. "ಸಿ" ಮ್ಯಾಲ ತಾರ ಸಾ ಹಿಡ್ದು ಎಂಟು ಮಾತ್ರಿ ನಿಂತು ನೋಡ್ರಿ. ಹಲ್ಲು ಕಚ್ಚಿದಂಗ ಆಗ್ತದ, ದನಿ ಮೂಗಿಗಿ ಏರ್ತದ. ಕೇಳೋರಿಗಿ ಭಾಮಿಗಿ ಸಿಟ್ಟು ಬಂದದೋ ಹಲ್ಲು ನೋಯ್ಲತ್ತದೋ ತಿಳಿಯಂಗಿಲ್ಲ. ನನಗ ಅಲ್ಲಿ ಒಂದು "ಆ" ಬೇಕು. ಇಲ್ಲಾಂದ್ರ "ಓ". ಬಾಯಿ ತೆರಿಬೇಕು. ಸಿಟ್ಟು ಬಂದ ಹೆಣ್ಣುಮಗಳು ಬಾಯಿ ಮುಚ್ಕೊಂಡು ಕೂಗ್ತಾಳೇನು?

ನಾ ತಾಲೀಮಿನಾಗ ಹೇಳ್ದ್ರ "ಸಾಹಿತ್ಯ ಕವಿಗೋಳದು, ಬದ್ಲು ಮಾಡ್ಲಾಕ ಬರಾಂಗಿಲ್ಲ" ಅಂದ್ರು. ಕವಿಗಿ ಹೇಳ್ದ್ರ "ಧಾಟಿ ಮಾಸ್ತರದು" ಅಂದ್ರು.

ಡಗ್ಗಾ

ಸಿಕ್ಬಿದ್ರಿ ಮಾಸ್ತರ.

ಬಿಸಿಲೂರ ಓದುಗ

ಭಾಮೆಯವರೇ, ನಿಮಗೊಬ್ಬ ಜೊತೆಗಾರ ಇದ್ದಾನೆ. ಇಡೊಮೆನಿಯೊದಲ್ಲಿ ರಾಜನ ಪಾತ್ರ ಮಾಡಿದ ಆಂಟನ್ ರಾಫ್, ಅರವತ್ತಾರು ವರ್ಷದ ಗಾಯಕ. 1780ರ ಡಿಸೆಂಬರಿನಲ್ಲಿ ಅವನದ್ದೂ ಇದೇ ತಕರಾರು. ಕೊನೆಯ ಹಾಡಿನಲ್ಲಿ "ವಿಯೆನ್ಮಿ ಅ ರಿನ್ವಿಗೊರಿರ್" ಅಂತ ಬಂದಿದೆ, ಐದು "ಇ" ಒಟ್ಟಿಗೆ! ಮೊಜಾರ್ಟ್ ಅದನ್ನು ಅಪ್ಪನಿಗೆ ಬರೆದು, ಮುದುಕ ಹೇಳುವುದು ಸರಿ, ಪಾದ್ರಿಗೆ ಹೇಳಿ ಬೇರೆ ಮಾತು ಹಾಕಿಸು ಅನ್ನುತ್ತಾನೆ. ಪಾದ್ರಿಗೆ ಸಿಟ್ಟು. ಆದರೆ ಮೊಜಾರ್ಟ್ ಹಾಡುವವನ ಪರ ನಿಂತ. ಎಲ್ಲ ಕಡೆಯೂ ಅಲ್ಲ: ನಾಲ್ಕು ಮಂದಿ ಕೂಡಿ ಹಾಡುವ ಪದದಲ್ಲಿ ತನ್ನ ದನಿಗೆ ಜಾಗ ಸಾಲದು ಅಂತ ರಾಫ್ ಗೊಣಗಿದಾಗ ಒಂದು ಸ್ವರವನ್ನೂ ಬಿಟ್ಟುಕೊಡಲಿಲ್ಲ. ಸ್ವರಾಕ್ಷರದ ವಿಷಯದಲ್ಲಿ ಗಂಟಲು ಹೇಳಿದ್ದು ನಡೆಯಲಿ, ಆಟದ ಕಟ್ಟಿನ ವಿಷಯದಲ್ಲಿ ನಡೆಯದು, ಹಾಗಿತ್ತು ಅವನ ಗೆರೆ.

ಇದಕ್ಕೆ ಸಂಬಂಧವಿಲ್ಲದ ಒಂದು ಮಾತು ಹೇಳದೆ ಇರಲಾರೆ. ರಿಚರ್ಡ್ ಸ್ಟ್ರೌಸ್ ತನ್ನ ಅರಿಯಾಡ್ನೆ ಆಪೆರಾವನ್ನು ಮರುರೂಪಿಸುವಾಗ, ಅದರಲ್ಲಿ ಬರುವ ಸಂಗೀತಗಾರನ ಪಾತ್ರವನ್ನು ಹೆಣ್ಣಿನ ಕೈಲಿ ಹಾಡಿಸೋಣ ಅಂತ ಕವಿ ಹಾಫ್‌ಮನ್‌ಸ್ಥಾಲನಿಗೆ ಬರೆದ. ಕವಿ ಹೌಹಾರಿದ. 1916ರಲ್ಲಿ ವಿಯೆನ್ನಾದಲ್ಲಿ ಹಾಡಿದ್ದು ಹೆಣ್ಣೇ. ನಮ್ಮ ಪಾರಿಜಾತದಲ್ಲಿ ಇದರ ತಿರುವುಮುರುವು. ಗಂಡಸರೇ ಭಾಮೆಯರಾಗುತ್ತಿದ್ದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಗೆಜ್ಜೆ ಕಟ್ಟಿ ನಿಂತಾಗ ಹೌಹಾರಿದವರು ಎಷ್ಟು ಮಂದಿಯೋ! ಅವರ ಪತ್ರಗಳೂ ನಮಗಿಲ್ಲ.

ಪೇಟಿಮಾಸ್ತರ, ಕಲಬುರಗಿ

ಭಾಮಕ್ಕ, ತಪ್ಪಾಯ್ತು. ನಿಜ ಹೇಳ್ತೀನಿ, ತಾರ ಸಾ ಇಟ್ಟಾಗ ನಾ ಪೇಟಿ ಮ್ಯಾಲ ಬಾರಿಸಿ ನೋಡಿದ್ದೆ, ಬಾಯಿಲೆ ಹಾಡಿ ನೋಡಿರ್ಲಿಲ್ಲ. ಪೇಟಿಗಿ "ಸಿ"ನೂ ಒಂದೇ, "ಬಾ"ನೂ ಒಂದೇ. ಆ ಸಾಲು ಹೀಂಗ ಆದ್ರ ಹೆಂಗ:

"ಬಾ ಅಂತ ಕರಿಯಾಕ ಯಾರದಾರ ನನಗ"

"ಬಾ" ಮ್ಯಾಲ ಷಡ್ಜ. ಅರ್ಥ ಬದ್ಲು ಆಗ್ತದ, ಸಿಟ್ಟಿನ ಜಾಗಾದಾಗ ಅಳು ಬರ್ತದ. ಬೀದರದವ್ರು ಒಪ್ಬೇಕು.

ಅದಕ್ಕಿಂತ ದೊಡ್ಡ ಜಗಳ ತಾಳದ್ದು ಅದ. ನಮ್ಮ ಗುರುಗೋಳ ಪಾಠದಾಗ ಈ ಪದ ದೀಪಚಂದಿ, ಹದಿನಾಲ್ಕು ಮಾತ್ರಿ, ವಿಲಂಬಿತ. ತಂಡದವ್ರು "ಕೆಹರವಾ ಮಾಡ್ರಿ, ಎಂಟಕ್ಕ ಮುಗಿತದ, ಟೈಮ್ ಉಳಿತದ" ಅಂತಾರ. ಲೆಕ್ಕ ಖರೇ ಅದ. ಆದ್ರ ದೀಪಚಂದಿಗಿ ಮೂರು ಮತ್ತ ನಾಕರ ನಡಿಗಿ ಅದ, ಒಂದು ಕಾಲು ಎಳ್ಕೊಂಡು ನಡ್ಯಾಕಿ ಹಂಗ. ಹೂ ಸಿಗದ ಭಾಮೆ ಹಂಗೇ ನಡೀತಾಳ. ಕೆಹರವಾದಾಗ ಆಕಿ ಜಾತ್ರಿಗಿ ಹೊಂಟಂಗ ಕಾಣ್ತಾಳ. ಪದ ಅರ್ಧ ಮಾಡ್ತೀನಿ, ಎರಡು ನುಡಿ ಬಿಡ್ತೀನಿ, ತಾಳ ಬಿಡಂಗಿಲ್ಲ.

ವೆರ್ದಿ ಮ್ಯಾಕ್‌ಬೆತ್ ಕಟ್ಟಿದಾಂವ. 1848ರ ನವೆಂಬರದಾಗ ನೇಪಲ್ಸಿನ ಕಮರಾನೊ ಅನ್ನೋ ಕವಿಗ ಬರೀತಾನ: ಲೇಡಿ ಮ್ಯಾಕ್‌ಬೆತ್‌ಗಿ ನೀವು ಆರಿಸಿದ ಗಾಯಕಿ ತದೋಲಿನಿ ಬ್ಯಾಡ್ರಿ, ಆಕಿ ಭಾಳ ಛಂದ ಹಾಡ್ತಾಳ, ನೋಡ್ಲಾಕೂ ಛಂದ. ನನಗ ಬೇಕಾದಾಕಿ ಹಾಡ್ಲೇಬಾರ್ದು. ಒರಟು ದನಿ, ಉಸಿರು ಕಟ್ಟಿದ ಕಪ್ಪು ದನಿ ಬೇಕು. ಧಾಟಿ ಕಟ್ಟಾಂವನೇ "ಹಾಡಬ್ಯಾಡ" ಅಂತಾನ ನೋಡ್ರಿ. ಭಾಮಕ್ಕಗೂ ನಾ ಅದೇ ಹೇಳ್ಬೇಕಂತ ಇದ್ದೆ, ಸಿಟ್ಟಿನ ಪದದಾಗ ಜರಾ ಕಡಿಮಿ ಛಂದ ಹಾಡವ್ವಾ ಅಂತ.

ಭಾಮೆ ಪಾತ್ರದಾಕಿ

"ಬಾ" ಒಪ್ಪಿದೆ. ದೀಪಚಂದಿನೂ ಒಪ್ಪಿದೆ. ಕಡಿಮಿ ಛಂದ ಹಾಡು ಅನ್ನೋದು ಬರದು ಕೊಡ್ರಿ, ಮನ್ಯಾಗ ತೋರಿಸ್ಬೇಕು, ನೆಗಡಿ ಆದ ದಿನ ಕೆಲಸಕ್ಕ ಬರ್ತದ.

ಮೂಲದಾಟ

ಚರ್ಚೆ ಎಲ್ಲಿಂದೆಲ್ಲಿಗೋ ಹೋಯಿತು. ಮಾಸ್ತರರು ತಾಳ ಬಿಡುವುದಿಲ್ಲ ಅಂದದ್ದು ಕೇಳಿ ಸಮಾಧಾನವಾಯಿತು, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ನಿಮ್ಮ ವೆರ್ದಿಯ ಕಥೆಯನ್ನು ನಾನೂ ಈ ನಾಲ್ಕು ದಿನ ಓದಿದೆ. ನೀವು ಅರ್ಧ ಹೇಳಿ ನಿಲ್ಲಿಸಿದ್ದೀರಿ. 1884ರಲ್ಲಿ ನಾಲ್ಕಂಕಕ್ಕೆ ಇಳಿಸಿದ, ಸರಿ. ಎರಡೇ ವರ್ಷಕ್ಕೆ, 1886ರ ಡಿಸೆಂಬರಿನಲ್ಲಿ, ಮೊಡೆನಾ ಅನ್ನುವ ಊರಿನಲ್ಲಿ ಅದೇ ಆಟವನ್ನು ಮತ್ತೆ ಐದಂಕ ಮಾಡಿ ಆಡಿದರು. ಕತ್ತರಿಸಿ ಬಿಸಾಕಿದ್ದ ಮೊದಲನೇ ಅಂಕ ವಾಪಸು ಬಂತು. ಅದಕ್ಕೂ ಅವನ ಒಪ್ಪಿಗೆ ಇತ್ತು. ತಾನೇ ಮಸೆದ ಚಾಕುವಿನಿಂದ ತಾನೇ ಕಡಿದ ಕಾಲು, ಮತ್ತೆ ತಾನೇ ಹೊಲಿಯಲು ಬಿಟ್ಟ. ಅಂದರೆ ಅವನಿಗೂ ಗೊತ್ತಿರಲಿಲ್ಲ. ತೊಂಬತ್ತು ನಿಮಿಷದ ಪಾರಿಜಾತ ಆಡಿ, ಬೇಡ ಅನ್ನುವುದಿಲ್ಲ. ಆದರೆ ಬಿಟ್ಟ ಪದಗಳು ಎಲ್ಲಿರುತ್ತವೆ? ನಿಮ್ಮ ಗುರುಗಳ ಪಾಠ ನಿಮ್ಮ ಗಂಟಲಲ್ಲಿ ಮಾತ್ರ ಇದೆ. ಫೋನಿನ ಹಾಗೆ ಗಂಟಲೂ ಒಂದು ದಿನ ಬಕೀಟಿಗೆ ಬೀಳುತ್ತದೆ. ಕ್ಷಮಿಸಿ, ಕಟುವಾಯಿತು.

ಶಹಾಪುರ ಮೇಷ್ಟ್ರು

ಕಟುವಾದರೂ ಸರಿಯಾಗಿಯೇ ಇದೆ. ಇದಕ್ಕೊಂದು ಬಾಲಂಗೋಚಿ.

ಕಡೆಯ ರೈಲಿಗಾಗಿ 1867ರಲ್ಲಿ ತೆಗೆದ ತುಂಡುಗಳು ಇದ್ದವಲ್ಲ, ಅವು ನೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1970ರ ಆಸುಪಾಸಿನಲ್ಲಿ ಡೇವಿಡ್ ರೋಸೆನ್, ಆಂಡ್ರ್ಯೂ ಪೋರ್ಟರ್ ಎಂಬಿಬ್ಬರು ಪ್ಯಾರಿಸಿನ ಆಪೆರಾದ ಹಳೆಯ ಕಾಗದಪತ್ರ ಕೆದಕಿದರು. ನೋಡಿದರೆ, ತೆಗೆದ ಪುಟಗಳನ್ನು ಹರಿದೆಸೆದಿರಲಿಲ್ಲ. ಕೆಲವನ್ನು ಮಡಚಿ ಹೊಲಿದುಬಿಟ್ಟಿದ್ದರು. ವಾದ್ಯದವರ ಒಬ್ಬೊಬ್ಬರ ಹಾಳೆಯಲ್ಲೂ ಅವರವರ ಪಾಲಿನ ಸ್ವರ ಹಾಗೇ ಇತ್ತು. ಒಂದೊಂದೇ ಹಾಳೆ ಜೋಡಿಸಿ ಆ ಸಂಗೀತವನ್ನು ಮತ್ತೆ ನಿಲ್ಲಿಸಿದರು.

ಮಡಚಿ ಹೊಲಿದವನು ಯಾರೋ ಸಂಬಳದ ಗುಮಾಸ್ತ ಇರಬೇಕು. ಹರಿಯುವುದಕ್ಕಿಂತ ಹೊಲಿಯುವುದು ಸುಲಭ ಅನಿಸಿರಬೇಕು ಅವನಿಗೆ, ಅಷ್ಟೇ. ನನಗೆ ವೆರ್ದಿಗಿಂತ ಅವನ ಮೇಲೆ ಪ್ರೀತಿ.

ಕಡೀ ಬಸ್

ಅಂದ್ರ ರೈಲಿನ ಸಲುವಾಗಿ ತಗ್ದಿದ್ದು ನೂರು ವರ್ಷಕ್ಕ ಸಿಕ್ತು. ನನ್ನ ನಾಯಕ ಸತ್ನೋ ಇಲ್ಲೋ, ಅದೂ ಒಂದಿನ ತಿಳೀತದ ಅನ್ರಿ.

ಪೇಟಿಮಾಸ್ತರ, ಕಲಬುರಗಿ

ಎರಡು ದಿನ ಇಲ್ಲಿ ಬರ್ಲಿಲ್ಲ. ನೂರು ಪುಟದ ನೋಟ್‌ಬುಕ್ ತಗೊಂಡು ಕುಂತಿದ್ದೆ. ಎಡಗಡಿ ಪುಟದಾಗ ಗುರುಗೋಳ ಪಾಠ ಹೆಂಗದಲ್ಲ ಹಂಗೇ, ಸರಿಗಮದಾಗ, ತಾಳದ ಗುರುತು ಹಾಕಿ. ಬಲಗಡಿ ಪುಟದಾಗ ಈಗ ಏನು ಆಡ್ತೀವಿ, ಏನು ಬಿಟ್ಟೀವಿ, ಯಾಕ ಬಿಟ್ಟೀವಿ. "ಯಾಕ" ಬರಿಯೋದು ಎಷ್ಟು ತ್ರಾಸಂತ ಬರದಾಗೇ ತಿಳೀತು. ನಾಕು ಕಡಿ "ಟೈಮ್ ಸಾಲಂಗಿಲ್ಲ" ಅಂತ ಬರ್ದೆ. ಮಾರನೇ ದಿನ ಓದಿ ನೋಡ್ದ್ರ ಅದ್ರಾಗ ಎರಡು ಕಡಿ ಟೈಮಿನ ಮಾತಲ್ಲ, ನನಗ ಆ ಪದ ಬರೋಬ್ಬರಿ ಬರಂಗಿಲ್ಲ, ಅದಕ್ಕ ಬಿಟ್ಟಿದ್ದೆ. ಅವೆರಡು ಪದ ವಾಪಸ್ ತಗೊಂಡೆ. ಕಲೀತೀನಿ.

ಆ ನೋಟ್‌ಬುಕ್ಕಿನ ಬಲಗಡಿ ಪುಟದ ನಕಲು ಬೀದರಕ್ಕ ಟಪಾಲಿನಾಗ ಹಾಕೀನಿ. ಗೊಲ್ಲತಿ ಬಂದು ಹೋಗೋದು ಇರ್ತದ, ಒಂದೇ ಪದ. ರುಕ್ಮಿಣಿ ಪದ ಇರ್ತದ, ಯಾಕಂದ್ರ ಹೂ ಮುಡ್ಕೊಂಡಾಕಿ ಹಾಡದಿದ್ರ ಹೂ ಸಿಗದಾಕಿ ಅಳೋದು ಯಾರಿಗಿ ತಿಳೀತದ? ಭಾಮೆ ದೀಪಚಂದಿ ಎರಡು ನುಡಿ. ಭಾಗವತನ ಮಾತಿಗಿ ಹನ್ನೆರಡು ನಿಮಿಷ ಖುಲ್ಲಾ ಬಿಟ್ಟೀನಿ, ಮೂಲದಾಟ ಅವ್ರ ಮಾತಿಗಿ ಮರ್ಯಾದಿ ಕೊಟ್ಟು. ಅದ್ರಾಗ ಆತ ಏನರ ಮಾಡ್ಕೊಳ್ಳಿ.

ಕೊರವಂಜಿ ಬಿಟ್ಟೀನಿ. ಅದಕ್ಕ ಮನಸ್ಸಿಗಿ ಭಾಳ ಹತ್ಯದ. ನಮ್ಮ ಪಾಠದಾಗ ಕೃಷ್ಣನೇ ಕೊರವಂಜಿ ವೇಷ ಹಾಕಿ ಭಾಮಿಗಿ ಕಣಿ ಹೇಳ್ಲಾಕ ಬರ್ತಾನ, ಇಪ್ಪತ್ತೈದು ನಿಮಿಷ. ಎಲ್ಲಿಂದ ತರ್ಲಿ?

ಡಗ್ಗಾ

ಕೊರವಂಜಿ ಬಿಟ್ರ ನಾ ತಬಲಾ ಚೀಲಾ ಕಟ್ಟ್ತೀನಿ. ಇಡೀ ಆಟದಾಗ ನನಗ ಅದೊಂದೇ ದ್ರುತ.

ಭಾಮೆ ಪಾತ್ರದಾಕಿ

ನೀವು ಇದೇ ತಂಡದ ತಬಲಾದವ್ರಾ?!

ಡಗ್ಗಾ

ಮತ್ತಿನ್ಯಾರು.

ಬೀದರದಾಂವ

ನಾನೇ ಆ ಬೀದರದಾಂವ. ಟಪಾಲು ನಿನ್ನಿ ಮುಟ್ಟ್ತು. ಜತಿಗಿ ಯಾರೋ ಈ ಚರ್ಚಿನೂ ಕಳಿಸ್ಯಾರ, ಮೊದಲಿಂದ ಓದ್ದೆ. ನನ್ನ ಸಾಲಿನಾಗ "ಇ" ಎಷ್ಟವ ಅಂತ ಎಣಿಸ್ದೆ. ನಾಚಿಕಿ ಆಯ್ತು.

ಮಾಸ್ತರ, ರುಕ್ಮಿಣಿ ಪದ ಬಿಡೋಣಂತ ಅಂದಾಂವ ನಾನೇ. ನನ್ನ ಫೋನಿನಾಗ ನಿಮ್ಮ ಮೆಸೇಜೂ ಅವ, ನಂದೂ ಅವ. ಕೇಳಿ ನೋಡ್ದೆ. ಮೊದಲೇ ಕೇಳ್ಬಹುದಿತ್ತು, ಸಿಟ್ಟಿನಾಗ ಕೇಳ್ಲಿಲ್ಲ. ತಪ್ಪು ನಂದು.

ಈಗ ಕೊರವಂಜಿ. ನೀವು ವೆರ್ದಿ ಪುಸ್ತಕ ಓದೀರಿ ಅಂದ್ಮ್ಯಾಲ ಸಿಮೋನ್ ಬೊಕಾನೆಗ್ರಾದ ಸುದ್ದಿನೂ ಓದಿರಬೇಕು. 1857ರಾಗ ವೆನಿಸಿನಾಗ ಬಿದ್ದುಹೋದ ಆಟ ಅದು. 1880ರಾಗ ಅದನ್ನ ತಿದ್ಲಾಕ ಕುಂತಾಗ ಮಾತು ತಿದ್ದೋ ಕವಿ ಬೊಯ್ತೊ ವೆರ್ದಿಗಿ ಬರೀತಾನ, ಈ ಆಟ ಕುಂಟೋ ಮೇಜಿನಂಗದ, ಅಲುಗಾಡ್ತದ, ಯಾವ ಕಾಲು ಗಿಡ್ಡ ಅಂತ ತಿಳೀವಲ್ದು ಅಂತ. ಕಡೀಗಿ ಅವ್ರು ಕಾಲು ಕಡೀಲಿಲ್ಲ, ಹೊಸಾ ಸಭೆಯ ದೃಶ್ಯ ಒಂದು ಕೂಡ್ಸಿದ್ರು, 1881ರಾಗ ಆಟ ನಿಂತ್ತು. ನಿಮ್ಮ ಪಟ್ಟಿ ನೋಡ್ದ್ರ ನನಗ ಹಂಗೇ ಅನಿಸ್ತದ. ಭಾಮೆ ಅಳ್ತಾಳ, ಅಳ್ತಾಳ, ಆಟ ಮುಗೀತದ. ನಡುವ ನಗಸೋ ಕಾಲು ಇಲ್ಲ. ಕೊರವಂಜಿ ಬೇಕೇ ಬೇಕು, ಆದ್ರ ಇಪ್ಪತ್ತೈದು ನಿಮಿಷ ಬ್ಯಾಡ, ಆರು ಸಾಕು. ಭಾಗವತನ ಹನ್ನೆರಡರಾಗ ನಾಕು ತಗೀರಿ, ಉಳಿದ ಎರಡು ನನ್ನ ಮಾತಿನಾಗ ತಗೀರಿ.

ನಿಮ್ಮ ಎರಡ್ನೇ ಪ್ರಶ್ನಿಗಿ ಯಾರೂ ಜವಾಬು ಕೊಡ್ಲಿಲ್ಲ. ಮೊಜಾರ್ಟ್ 1781ರ ಸೆಪ್ಟೆಂಬರದಾಗ ಅಪ್ಪಗ ಬರೀತಾನ: ಓಸ್ಮಿನ್ ಅನ್ನೋ ಸಿಡುಕನ ಹಾ‌ಡು ಹೆಂಗಿರ್ಬೇಕು ಅಂತ ಮಾತು ಬರಿಯೋ ಸ್ಟೆಫಾನಿಗ ನಾನೇ ಹೇಳ್ದೆ, ಆತಗ ಒಂದು ಮಾತೂ ಗೊತ್ತಿರ್ಲಿಲ್ಲ, ಅಷ್ಟ್ರಾಗ ನನ್ನ ಧಾಟಿ ಮುಗಿದಿತ್ತು. ಕೊರವಂಜಿದು ಹಂಗೇ ಮಾಡ್ರಿ. ಆರು ನಿಮಿಷಕ್ಕ ಎಷ್ಟು ಆವರ್ತನ ಆಗ್ತಾವ ನೋಡಿ ಮೊದಲು ನೀವು ಕಟ್ಟ್ರಿ. ತಬಲಾದವ್ರಿಗಿ ಬೇಕಾದಷ್ಟು ದ್ರುತ ಕೊಡ್ರಿ. ಎಲ್ಲಿ ಭಾಮಕ್ಕ ಬಾಯಿ ತೆರೀಬೇಕು ಅನ್ನೋದಕ್ಕ ಗುರುತು ಹಾಕ್ರಿ. ಮಾತು ನಾ ಆಮ್ಯಾಲ ಕೂಡಸ್ತೀನಿ.

ಬಿಟ್ಟ ಹತ್ತೊಂಬತ್ತು ನಿಮಿಷದ ಪದ ಎಡಗಡಿ ಪುಟದಾಗ ಅದ ಹೌದಿಲ್ಲೋ? ಅದರ ನಕಲೂ ಕಳಸ್ರಿ.

ಪೇಟಿಮಾಸ್ತರ, ಕಲಬುರಗಿ

ಕಳಸ್ತೀನಿ. ಸೋಮವಾರ ಟಪಾಲಿಗಿ ಹಾಕ್ತೀನಿ. ಕೊರವಂಜಿಗಿ ಕೆಹರವಾ, ಡಗ್ಗಾನ ಸಲುವಾಗಿ.